ವಿಮರ್ಶಕರ ಭಿನ್ನಮತ ಸ್ಟಾರ್‌ಗಳಲ್ಲಿ ಕರಗದಿರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಸಿನಿಮಾ ವಿಮರ್ಶಕರ ಕುರಿತು ಒಂದೇ ಬಗೆಯ ಆಕ್ಷೇಪ ಮತ್ತೆ ಮತ್ತೆ ಪ್ರಕಟವಾಗುತ್ತಿರುವುದನ್ನು ಗಮನಿಸಿದ್ದೇನೆ. ಹೊಸ ಚಿತ್ರವೊಂದನ್ನು ಒಬ್ಬ ವಿಮರ್ಶಕರು ವರ್ಷದ ಶ್ರೇಷ್ಠ ಕೃತಿಯೆಂದು ಹೊಗಳಿದರೆ ಇನ್ನೊಬ್ಬರು ಅದನ್ನೇ ಸಹಿಸಲಾಗದ ಆಡಂಬರವೆಂದು ತಳ್ಳಿಹಾಕುತ್ತಾರೆ. ಹೀಗಿರುವಾಗ ಯಾರ ಮಾತು ನಂಬಬೇಕು, ವಿಮರ್ಶೆಗೆ ಬೆಲೆಯಾದರೂ ಏನು ಎಂಬುದು ಆ ಪತ್ರಗಳ ಒಟ್ಟು ತಾತ್ಪರ್ಯ. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಆದರೆ ಓದುಗರ ಅಸಮಾಧಾನಕ್ಕೆ ಕಾರಣವೇ ಇಲ್ಲವೆಂದೂ ಹೇಳಲಾರೆ. ವಿಮರ್ಶಕರು ಏಕೆ ಬೇರೆ ಬೇರೆಯಾಗಿ ಯೋಚಿಸಿದರು ಎಂಬುದು ಓದುಗರನ್ನು ತಲುಪುವ ಮೊದಲೇ ಅವರ ಅಭಿಪ್ರಾಯಗಳು ಸ್ಟಾರ್‌ಗಳಾಗಿಯೋ ಶೇಕಡಾವಾರು ಅಂಕಿಗಳಾಗಿಯೋ ಕುಗ್ಗಿಹೋಗುತ್ತಿವೆ. ಇದರಲ್ಲಿ ಜಾಲತಾಣಗಳಷ್ಟೇ ಅಲ್ಲ, ತಮ್ಮದೂ ಸೇರಿದಂತೆ ಪತ್ರಿಕೆಗಳ ಪಾಲೂ ಇದೆ.

ಅಂಕಿಗಳ ವಿಷಯವನ್ನೇ ಮೊದಲು ನೋಡೋಣ. 1998ರಲ್ಲಿ ಆರಂಭವಾದ ರಾಟನ್ ಟೊಮೆಟೋಸ್ ಜಾಲತಾಣ ಪ್ರತಿಯೊಂದು ವಿಮರ್ಶೆಯನ್ನೂ ಮೆಚ್ಚುಗೆ ಅಥವಾ ತಿರಸ್ಕಾರ ಎಂಬ ಎರಡೇ ಕಟ್ಟುಗಳಲ್ಲಿ ಒಂದಕ್ಕೆ ಸೇರಿಸುತ್ತದೆ, ಮತ್ತು ನೂರರಲ್ಲಿ ಅರವತ್ತು ಅಥವಾ ಅದಕ್ಕಿಂತ ಹೆಚ್ಚು ವಿಮರ್ಶೆಗಳು ಮೆಚ್ಚುಗೆಯ ಕಡೆಗಿದ್ದರೆ ಚಿತ್ರಕ್ಕೆ ಕೆಂಪು ಟೊಮೆಟೊ ಸಿಗುತ್ತದೆ. ಅಲ್ಲಿ ಕಾಣುವ ಶೇಕಡಾವಾರು, ಎಷ್ಟು ಮಂದಿ ಮೆಚ್ಚಿದರು ಎಂಬುದರ ಲೆಕ್ಕವೇ ಹೊರತು ಎಷ್ಟು ಮೆಚ್ಚಿದರು ಎಂಬುದರದ್ದಲ್ಲ. ಹತ್ತು ಮಂದಿ ವಿಮರ್ಶಕರು ಒಂದು ಚಿತ್ರವನ್ನು ನೋಡಿ ‘ಪರವಾಗಿಲ್ಲ, ಒಮ್ಮೆ ನೋಡಬಹುದು’ ಎಂದರೆ ಅದಕ್ಕೆ ನೂರಕ್ಕೆ ನೂರು ದೊರೆಯುತ್ತದೆ. ಅದೇ ಹತ್ತು ಮಂದಿಯಲ್ಲಿ ಆರು ಮಂದಿ ಇನ್ನೊಂದು ಚಿತ್ರವನ್ನು ದಶಕದ ಶ್ರೇಷ್ಠ ಕೃತಿಯೆಂದು ಕರೆದು ಉಳಿದ ನಾಲ್ವರು ಅರ್ಧಕ್ಕೇ ಎದ್ದುಹೋಗುವಷ್ಟು ಕೆರಳಿದರೆ ಅದಕ್ಕೆ ಬರುವುದು ಅರವತ್ತು ಮಾತ್ರ. ಈ ಎರಡರಲ್ಲಿ ಯಾವುದನ್ನು ನೋಡಬೇಕೆಂದು ನನ್ನನ್ನು ಕೇಳಿದರೆ ನಾನು ಎರಡನೆಯದಕ್ಕೇ ಹೋಗುತ್ತೇನೆ, ಆದರೆ ಆ ಅಂಕಿ ನನ್ನನ್ನು ಮೊದಲನೆಯದರತ್ತ ಕಳುಹಿಸುತ್ತದೆ. ಮೆಟಾಕ್ರಿಟಿಕ್ ಎಂಬ ಇನ್ನೊಂದು ಜಾಲತಾಣ ಸರಾಸರಿ ತೆಗೆಯುತ್ತದೆ. ಕೆಲವು ಪ್ರಕಟಣೆಗಳ ವಿಮರ್ಶೆಗೆ ಹೆಚ್ಚು ತೂಕ ಕೊಟ್ಟರೂ ಯಾವುದಕ್ಕೆ ಎಷ್ಟೆಂಬುದನ್ನು ಅದು ಬಹಿರಂಗಪಡಿಸುವುದಿಲ್ಲ. ಅಲ್ಲಿ ನಲವತ್ತರಿಂದ ಅರವತ್ತರವರೆಗಿನ ಅಂಕ ಪಡೆದ ಚಿತ್ರಗಳೆಲ್ಲವೂ ಮಿಶ್ರ ಅಥವಾ ಸಾಧಾರಣ ಎಂಬ ಒಂದೇ ಹಳದಿ ಗುಂಪಿಗೆ ಸೇರುತ್ತವೆ. ಎಲ್ಲರಿಗೂ ಸಪ್ಪೆಯೆನಿಸಿದ ಚಿತ್ರಕ್ಕೂ ಅರ್ಧದಷ್ಟು ಮಂದಿ ಆರಾಧಿಸಿ ಇನ್ನರ್ಧ ಮಂದಿ ದ್ವೇಷಿಸಿದ ಚಿತ್ರಕ್ಕೂ ಅಲ್ಲಿ ಒಂದೇ ಬಣ್ಣ. ಸಿನಿಮಾದ ಬಗ್ಗೆ ಇದಕ್ಕಿಂತ ದಾರಿ ತಪ್ಪಿಸುವ ಮಾಹಿತಿ ಬೇರೊಂದಿರಲಾರದು.

ಇತ್ತೀಚಿನ ಚಿತ್ರಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಅಮೆರಿಕದ ಹಿರಿಯ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಅವರು ಬಹುಪಾಲು ಸ್ವಂತ ಹಣದಿಂದಲೇ ನಿರ್ಮಿಸಿದ ‘ಮೆಗಲೋಪೊಲಿಸ್’. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನಗೊಂಡಾಗ ವಿಮರ್ಶಕರು ನೇರವಾಗಿ ಎರಡು ಪಾಳಯಗಳಾದರು. ಅಂಥ ಇಳಿವಯಸ್ಸಿನಲ್ಲಿ ಅಷ್ಟು ಹುಂಬ ಧೈರ್ಯದಿಂದ ಯಾರೂ ಸಿನಿಮಾ ಮಾಡುವುದಿಲ್ಲ ಎಂದು ಒಂದು ಪಾಳಯ ಮೆಚ್ಚಿತು, ಹಿಡಿತಕ್ಕೆ ಸಿಗದ ಗೊಂದಲವೆಂದು ಇನ್ನೊಂದು ಹೇಳಿತು. ಅಮೆರಿಕದಲ್ಲಿ ಬಿಡುಗಡೆಯ ದಿನದ ಪ್ರೇಕ್ಷಕರನ್ನು ಕೇಳಿ ದರ್ಜೆ ನೀಡುವ ಸಿನಿಮಾಸ್ಕೋರ್ ಸಂಸ್ಥೆ ಅದಕ್ಕೆ ಡಿ ಪ್ಲಸ್ ಎಂಬ ಕೀಳು ದರ್ಜೆ ಕೊಟ್ಟಿತು. ಇವೆಲ್ಲಕ್ಕಿಂತ ನನಗೆ ಕುತೂಹಲಕರವೆನಿಸಿದ್ದು ಬಿಡುಗಡೆಗೆ ಮುನ್ನ ಆ ವರ್ಷದ ಆಗಸ್ಟ್‌ನಲ್ಲಿ ಬಂದ ಟ್ರೇಲರ್. ವಿಮರ್ಶಕರು ಕೊಪ್ಪೊಲಾ ಅವರ ಹಿಂದಿನ ಮಹತ್ವದ ಚಿತ್ರಗಳನ್ನೂ ಹೀಗೆಯೇ ಹಳಿದಿದ್ದರು ಎಂದು ತೋರಿಸಲು ಅದರಲ್ಲಿ ಹಳೆಯ ವಿಮರ್ಶೆಗಳ ಸಾಲುಗಳನ್ನು ಬಳಸಲಾಗಿತ್ತು. ಆ ಸಾಲುಗಳು ಆ ವಿಮರ್ಶೆಗಳಲ್ಲಿ ಇರಲೇ ಇಲ್ಲವೆಂದು ಪತ್ರಕರ್ತರು ತೋರಿಸಿಕೊಟ್ಟ ಬಳಿಕ ವಿತರಕರು ಕ್ಷಮೆ ಕೇಳಿ ಟ್ರೇಲರ್ ಹಿಂಪಡೆದರು. ಕೊಪ್ಪೊಲಾ ಅವರದೇ ‘ದಿ ಗಾಡ್‌ಫಾದರ್’ ಚಿತ್ರವನ್ನು ಮನಸಾರೆ ಮೆಚ್ಚಿ ಬರೆದಿದ್ದ ಅಮೆರಿಕದ ವಿಮರ್ಶಕಿ ಪಾಲಿನ್ ಕೇಲ್ ಅವರ ಬಾಯಲ್ಲೇ ಆ ಚಿತ್ರದ ನಿಂದೆಯನ್ನು ತುರುಕಲಾಗಿತ್ತು! ವಿಮರ್ಶಕರನ್ನು ಮೂರ್ಖರೆಂದು ತೋರಿಸಲು ಸುಳ್ಳು ಉಲ್ಲೇಖಗಳನ್ನು ಹುಟ್ಟಿಸಬೇಕಾಗಿ ಬಂದದ್ದು ವಿಮರ್ಶಕರ ಪರವಾದ ಸಾಕ್ಷ್ಯವೆಂದೇ ನಾನು ಪರಿಗಣಿಸುತ್ತೇನೆ.

ಅದೇ ವರ್ಷದ ‘ಎಮಿಲಿಯಾ ಪೆರೆಸ್’ ಚಿತ್ರದ ಕುರಿತ ಜಗಳ ಇನ್ನೊಂದು ಬಗೆಯದು. ಫ್ರೆಂಚ್ ನಿರ್ದೇಶಕ ಜಾಕ್ ಓದಿಯಾರ್ ಅವರ ಈ ಚಿತ್ರಕ್ಕೆ ಕಾನ್‌ನಲ್ಲಿ ಜ್ಯೂರಿ ಪ್ರಶಸ್ತಿ ಬಂತು, ಮುಂದೆ ಆಸ್ಕರ್‌ಗೆ 13 ನಾಮನಿರ್ದೇಶನಗಳು ದೊರೆತವು. ಆದರೆ ಕತೆ ನಡೆಯುವುದು ಮೆಕ್ಸಿಕೊದಲ್ಲಿ. ಚಿತ್ರೀಕರಣ ಬಹುಪಾಲು ನಡೆದದ್ದು ಫ್ರಾನ್ಸಿನ ಸ್ಟುಡಿಯೊದಲ್ಲಿ. ಮೆಕ್ಸಿಕೊದ ಅನೇಕ ಬರಹಗಾರರಿಗೂ ಪ್ರೇಕ್ಷಕರಿಗೂ ಆ ಚಿತ್ರದ ಮಾತಿನ ಧಾಟಿಯಲ್ಲಿ ತಮ್ಮ ದೇಶ ಕೇಳಿಸಲಿಲ್ಲ, ಮಾದಕವಸ್ತು ಜಾಲಗಳ ಹಿಂಸೆಯಲ್ಲಿ ಕಾಣೆಯಾದವರ ಕುಟುಂಬಗಳ ನೋವು ಹಾಡು-ಕುಣಿತದ ಸರಕಾದದ್ದು ಅವರನ್ನು ಕೆರಳಿಸಿತು. ಲಿಂಗಪರಿವರ್ತಿತರ ಪರವಾಗಿ ಬರೆಯುವ ವಿಮರ್ಶಕರಲ್ಲೂ ಹಲವರು, ಹೆಣ್ಣಾಗಿ ಪರಿವರ್ತನೆಗೊಳ್ಳುವ ಮುಖ್ಯ ಪಾತ್ರದ ಚಿತ್ರಣವನ್ನು ತೀವ್ರವಾಗಿ ಆಕ್ಷೇಪಿಸಿದರು. ಇದನ್ನು ‘ಒಬ್ಬೊಬ್ಬರ ರುಚಿ ಒಂದೊಂದು’ ಎಂದು ಹೇಳಿ ಮುಗಿಸಲಾಗದು. ಒಂದು ಗುಂಪಿನ ವಿಮರ್ಶಕರು ಚಿತ್ರದ ರೂಪವನ್ನು, ಅಪರಾಧ ಕಥನ ಮತ್ತು ಸಂಗೀತ ನಾಟಕವನ್ನು ಬೆಸೆದ ಸಾಹಸವನ್ನು ನೋಡಿದರು. ಇನ್ನೊಂದು ಗುಂಪಿನವರು ತಮಗೆ ಚೆನ್ನಾಗಿ ಗೊತ್ತಿರುವ ಬದುಕು ತೆರೆಯ ಮೇಲೆ ಹೇಗೆ ಬಂದಿದೆಯೆಂದು ನೋಡಿದರು. ಎರಡೂ ನೋಟಗಳು ಚಿತ್ರದ ಬಗ್ಗೆ ನಿಜವನ್ನೇ ಹೇಳುತ್ತಿರಬಹುದು, ಮತ್ತು ಎರಡನ್ನೂ ಓದಿದವನಿಗೆ ಆ ಚಿತ್ರ ಯಾವುದಾದರೊಂದನ್ನು ಮಾತ್ರ ಓದಿದವನಿಗಿಂತ ಹೆಚ್ಚು ಅರ್ಥವಾಗುತ್ತದೆ. ಎರಡನ್ನೂ ಕೂಡಿಸಿ ಭಾಗಿಸಿದ ಅಂಕಿ ಮಾತ್ರ ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ಇಂಥ ಜಗಳಗಳು ಹೊಸವೂ ಅಲ್ಲ. 1960ರಲ್ಲಿ ಕಾನ್‌ನಲ್ಲಿ ಇಟಲಿಯ ನಿರ್ದೇಶಕ ಆಂಟೋನಿಯೋನಿ ಅವರ ‘ಲಾವೆಂತೂರಾ’ ಪ್ರದರ್ಶನಗೊಂಡಾಗ ಸಭಾಂಗಣದಲ್ಲಿ ನಗೆ ಮತ್ತು ಕೂಗಾಟ ಎದ್ದಿತು. ಮರುದಿನ ಹಲವು ನಿರ್ದೇಶಕರೂ ವಿಮರ್ಶಕರೂ ಸಹಿ ಹಾಕಿ ಚಿತ್ರವನ್ನು ಬೆಂಬಲಿಸಿದರು, ಜ್ಯೂರಿ ಪ್ರಶಸ್ತಿಯೂ ಬಂತು, ಎರಡೇ ವರ್ಷಗಳ ನಂತರ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಸಿನಿಮಾ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಬಗ್ಗೆ ನಡೆಸಿದ ವಿಮರ್ಶಕರ ಸಮೀಕ್ಷೆಯಲ್ಲಿ ಅದು ಎರಡನೆಯ ಸ್ಥಾನ ಪಡೆಯಿತು. 1967ರಲ್ಲಿ ‘ಬಾನಿ ಅಂಡ್ ಕ್ಲೈಡ್’ ಬಂದಾಗ ನ್ಯೂಯಾರ್ಕ್ ಟೈಮ್ಸ್‌ನ ಹಿರಿಯ ವಿಮರ್ಶಕ ಬಾಸ್ಲಿ ಕ್ರೌಥರ್ ಅದನ್ನು ಒಮ್ಮೆಯಲ್ಲ, ಮತ್ತೆ ಮತ್ತೆ ಖಂಡಿಸಿದರು. ನ್ಯೂಸ್‌ವೀಕ್‌ನ ಜೋ ಮಾರ್ಗನ್‌ಸ್ಟರ್ನ್ ಕೂಡ ಮೊದಲು ಹಳಿದರು, ನಂತರ ಸಾಮಾನ್ಯ ಪ್ರೇಕ್ಷಕರ ನಡುವೆ ಕುಳಿತು ಇನ್ನೊಮ್ಮೆ ನೋಡಿ, ತಮ್ಮ ಮೊದಲ ವಿಮರ್ಶೆ ತಪ್ಪಾಗಿತ್ತೆಂದು ಮುಂದಿನ ವಾರವೇ ಬರೆದರು. ಆದರೆ ಇಂಥ ಉದಾಹರಣೆಗಳನ್ನು ಹಿಡಿದು ‘ಕಾಲವೇ ತೀರ್ಪು ಕೊಡುತ್ತದೆ’ ಎನ್ನುವವರ ಜೊತೆ ನಾನಿಲ್ಲ. ಸೋತ ಚಿತ್ರಗಳ ನಿರ್ದೇಶಕರೆಲ್ಲರಿಗೂ ಆ ಮಾತು ಅಗ್ಗದ ಆಶ್ರಯ. ಮೊದಲ ದಿನ ಹಳಿಸಿಕೊಂಡ ಚಿತ್ರಗಳಲ್ಲಿ ಬಹುತೇಕ ಚಿತ್ರಗಳು ಹಳಿಸಿಕೊಳ್ಳಲು ಯೋಗ್ಯವಾಗಿಯೇ ಇದ್ದವು, ಅವುಗಳ ಹೆಸರುಗಳು ಇಂದು ಯಾರಿಗೂ ನೆನಪಿಲ್ಲ. ಮಾರ್ಗನ್‌ಸ್ಟರ್ನ್ ಅವರ ಎರಡನೆಯ ವಿಮರ್ಶೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಚಿತ್ರ ಗೆದ್ದಿತು ಎಂಬುದಲ್ಲ, ಅದಕ್ಕೆ ಪತ್ರಿಕೆಯಲ್ಲಿ ಜಾಗ ಸಿಕ್ಕಿತು ಎಂಬುದು. ಇಂದು ಶುಕ್ರವಾರ ಬರೆದದ್ದನ್ನು ಮುಂದಿನ ಶುಕ್ರವಾರ ತಿದ್ದಿ ಬರೆಯುತ್ತೇನೆಂದರೆ ಎಷ್ಟು ಪತ್ರಿಕೆಗಳು ಅವಕಾಶ ಕೊಟ್ಟಾವು?

ವಿಮರ್ಶಕರ ಕಡೆಯ ದೋಷಗಳನ್ನು ಮುಚ್ಚಿಡುವ ಉದ್ದೇಶವೂ ನನಗಿಲ್ಲ. ಈಗ ಬರುವ ಬಹಳಷ್ಟು ವಿಮರ್ಶೆಗಳಲ್ಲಿ ಮುಕ್ಕಾಲು ಭಾಗ ಕಥಾಸಾರಾಂಶವೇ ಇರುತ್ತದೆ. ಉಳಿದ ಕಾಲು ಭಾಗದಲ್ಲಿ ಛಾಯಾಗ್ರಹಣ ಕಣ್ಣಿಗೆ ಹಬ್ಬ, ಹಿನ್ನೆಲೆ ಸಂಗೀತ ಪೂರಕ, ನಾಯಕಿ ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ, ದ್ವಿತೀಯಾರ್ಧಕ್ಕೆ ಇನ್ನಷ್ಟು ಕತ್ತರಿ ಬೇಕಿತ್ತು ಎಂಬ ಸವೆದ ಸಾಲುಗಳು, ಕೊನೆಗೆ ಮೂರು ಸ್ಟಾರ್. ಈ ಸಾಲುಗಳನ್ನು ಯಾವ ಚಿತ್ರದ ವಿಮರ್ಶೆಗೆ ಬೇಕಾದರೂ ಅಂಟಿಸಬಹುದು. ಎರಡೂವರೆ ಸ್ಟಾರ್‌ಗೂ ಮೂರು ಸ್ಟಾರ್‌ಗೂ ನಡುವೆ ಏನು ವ್ಯತ್ಯಾಸ, ಅರ್ಧ ಸ್ಟಾರ್ ಕಡಿಮೆಯಾಗಿದ್ದು ಯಾವ ದೃಶ್ಯದಿಂದ ಎಂದು ಕೇಳಿದರೆ ಬರೆದವರಿಗೂ ಹೇಳಲಾಗದು. ಇಂಥ ಇಬ್ಬರು ವಿಮರ್ಶಕರ ನಡುವೆ ಭಿನ್ನಮತ ಬಂದರೆ ಓದುಗರು ಅದನ್ನು ಚರ್ಚೆಯೆಂದು ಹೇಗೆ ತಿಳಿದಾರು? ಅವರಿಗೆ ಅದು ಇಬ್ಬರ ಮನಸ್ಥಿತಿಯ ವ್ಯತ್ಯಾಸವಾಗಿಯೋ, ಅದಕ್ಕಿಂತ ಕೆಟ್ಟದಾಗಿ, ಯಾರೋ ದುಡ್ಡು ಕೊಟ್ಟಿದ್ದಾರೆಂಬ ಅನುಮಾನವಾಗಿಯೋ ಕಾಣುತ್ತದೆ.

ಆ ಅನುಮಾನ ಪೂರ್ತಿ ಆಧಾರರಹಿತವೂ ಅಲ್ಲ. ಸೋನಿ ಸಂಸ್ಥೆ ತನ್ನ ಚಿತ್ರಗಳ ಜಾಹೀರಾತಿನಲ್ಲಿ ಡೇವಿಡ್ ಮ್ಯಾನಿಂಗ್ ಎಂಬ ವಿಮರ್ಶಕನ ಹೊಗಳಿಕೆಯನ್ನು ಬಳಸುತ್ತಿತ್ತು. ಅಂಥ ವ್ಯಕ್ತಿಯೇ ಇಲ್ಲವೆಂಬುದು 2001ರಲ್ಲಿ ಬಯಲಾಯಿತು. 2023ರಲ್ಲಿ ಅಮೆರಿಕದ ಪ್ರಚಾರ ಸಂಸ್ಥೆಯೊಂದು ಅಷ್ಟಾಗಿ ಹೆಸರಿಲ್ಲದ ವಿಮರ್ಶಕರಿಗೆ ಹಣ ಕೊಟ್ಟು ರಾಟನ್ ಟೊಮೆಟೋಸ್‌ನ ಶೇಕಡಾವಾರು ಅಂಕಿಯನ್ನು ಏರಿಸಲು ಯತ್ನಿಸಿತ್ತೆಂದು ವರದಿಯಾಯಿತು. ಪ್ರೇಕ್ಷಕರ ಅಂಕಗಳೂ ಇದರಿಂದ ಹೊರತಲ್ಲ: ಚಿತ್ರ ಬಿಡುಗಡೆಯಾಗುವ ಮೊದಲೇ ಅದನ್ನು ನೋಡದವರು ಸಾಮೂಹಿಕವಾಗಿ ಕೀಳು ಟಿಪ್ಪಣಿ ಬರೆಯುವುದು ಹೆಚ್ಚಿದ್ದರಿಂದ ರಾಟನ್ ಟೊಮೆಟೋಸ್ 2019ರಲ್ಲಿ ಬಿಡುಗಡೆಗೆ ಮುನ್ನ ಪ್ರೇಕ್ಷಕರು ಟಿಪ್ಪಣಿ ಬರೆಯುವ ಸೌಲಭ್ಯವನ್ನೇ ತೆಗೆದುಹಾಕಿತು. ಅಂಕಿಯನ್ನು ಕೊಳ್ಳುವುದೂ ಕೆಡಿಸುವುದೂ ಸುಲಭ. ಕಾರಣಸಹಿತವಾಗಿ ಬರೆದ ಎಂಟು ನೂರು ಪದಗಳ ವಿಮರ್ಶೆಯನ್ನು ಕೊಂಡರೂ ಓದುಗರು ಅದರ ವಾದವನ್ನು ತೆರೆಯ ಮೇಲಿನ ಚಿತ್ರದೊಂದಿಗೆ ತಾಳೆ ನೋಡಿ ಮೋಸವನ್ನು ಹಿಡಿಯಬಲ್ಲರು.

ಆದ್ದರಿಂದ ತಮ್ಮ ಸಿನಿಮಾ ಪುಟದ ಬಗ್ಗೆ ಕೆಲವು ಕೋರಿಕೆಗಳನ್ನು ಮುಂದಿಡುತ್ತೇನೆ. ಮುಖ್ಯವಾದದ್ದು, ವಿಮರ್ಶೆಯ ತಲೆಯ ಮೇಲಿನ ಸ್ಟಾರ್‌ಗಳನ್ನು ಕೈಬಿಡಿ. ಜಾಹೀರಾತು ವಿಭಾಗಕ್ಕೆ ಅದು ಇಷ್ಟವಾಗದಿರಬಹುದು, ಏಕೆಂದರೆ ಪೋಸ್ಟರ್‌ಗಳಲ್ಲಿ ಅಚ್ಚಾಗುವುದು ಸ್ಟಾರ್‌ಗಳೇ ಹೊರತು ವಾಕ್ಯಗಳಲ್ಲ. ಆದರೂ ಓದುಗರು ವಿಮರ್ಶೆಯ ಒಳಗೆ ಕಾಲಿಡಬೇಕಾದರೆ ಹೊರಗೇ ತೀರ್ಪು ತೂಗುಹಾಕಿರಬಾರದು. ವಿಮರ್ಶಕರ ನಡುವೆ ತೀವ್ರ ಭಿನ್ನಮತ ಎದ್ದ ಚಿತ್ರಗಳಿಗಾದರೂ, ವರ್ಷಕ್ಕೆ ಹತ್ತಾರು ಇರಲಾರವು, ಇಬ್ಬರಿಂದ ಎರಡು ವಿಮರ್ಶೆಗಳನ್ನು ಬರೆಸಿ ಒಂದೇ ಪುಟದಲ್ಲಿ ಅಕ್ಕಪಕ್ಕ ಪ್ರಕಟಿಸಿ, ಮತ್ತು ಇಬ್ಬರೂ ಒಂದೇ ದೃಶ್ಯವನ್ನಾದರೂ ಹೆಸರಿಸಿ ಅದರ ಬಗ್ಗೆ ವಾದಿಸಬೇಕೆಂದು ಕೇಳಿ. ಚಿತ್ರವನ್ನು ಚಿತ್ರೋತ್ಸವದಲ್ಲಿ ನೋಡಿದ್ದೋ, ಪತ್ರಕರ್ತರ ವಿಶೇಷ ಪ್ರದರ್ಶನದಲ್ಲೋ, ಸಾಮಾನ್ಯ ಪ್ರದರ್ಶನದಲ್ಲೋ ಎಂಬುದನ್ನು ಒಂದು ಸಾಲಿನಲ್ಲಿ ನಮೂದಿಸಿದರೆ ಸಾಕು, ಓದುಗರು ಆ ವಿಮರ್ಶೆಯನ್ನು ಅದಕ್ಕೆ ತಕ್ಕಂತೆ ಓದಿಕೊಳ್ಳುತ್ತಾರೆ: ದಿನಕ್ಕೆ ಮೂರು ನಾಲ್ಕು ಚಿತ್ರಗಳನ್ನು ನೋಡಿ ರಾತ್ರಿಯೊಳಗೆ ವರದಿ ಕಳುಹಿಸಬೇಕಾದವರ ಬರಹಕ್ಕೂ ಎರಡು ದಿನ ಬಿಟ್ಟು ಬರೆದವರ ಬರಹಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ನಿರ್ಮಾಪಕರ ವೆಚ್ಚದಲ್ಲಿ ನಡೆದ ಪ್ರವಾಸದಿಂದ ಬಂದ ಸಂದರ್ಶನಗಳು ವಿಮರ್ಶೆಯ ಪುಟದಲ್ಲಿ ಬೆರೆಯದಂತೆ ನೋಡಿಕೊಳ್ಳಿ.

ಎರಡು ವಿಮರ್ಶೆಗಳಿಗೆ ಪುಟದಲ್ಲಿ ಜಾಗವೆಲ್ಲಿದೆ ಎಂದು ತಾವು ಕೇಳಬಹುದು. ಪ್ರತಿ ಸೋಮವಾರ ಚಿತ್ರಗಳ ಗಳಿಕೆಯ ಪಟ್ಟಿಗೆ ತಾವು ಕೊಡುತ್ತಿರುವ ಎರಡು ಅಂಕಣಗಳನ್ನು ಬಿಟ್ಟುಕೊಟ್ಟರೆ ಎರಡನೆಯ ವಿಮರ್ಶೆ ಅದರಲ್ಲಿ ಧಾರಾಳವಾಗಿ ಹಿಡಿಸುತ್ತದೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ