ಬಸ್ಸಿನ ಕಿಟಕಿಯಿಂದ ಹತ್ತು ಶಿಖರಗಳು

ಆತ್ಮೀಯ ಸದಸ್ಯರೇ,

ಬೇಸಿಗೆ ಬಂತೆಂದರೆ ಕೆನಡಾದ ಕ್ಯಾಲ್ಗರಿಯ ನಮ್ಮ ಮನೆಗಳಲ್ಲಿ ಊರಿನಿಂದ ಬಂದ ಅಪ್ಪ ಅಮ್ಮಂದಿರ ದನಿ ಕೇಳತೊಡಗುತ್ತದೆ. ಅವರನ್ನು ಎಲ್ಲಿಗೆ ಕರೆದೊಯ್ಯೋಣ ಎಂದರೆ ಮೊದಲು ಬರುವ ಹೆಸರು ಬ್ಯಾನ್ಫ್ ರಾಷ್ಟ್ರೀಯ ಉದ್ಯಾನ. ಅದರ ಬೆನ್ನಿಗೇ ಒಂದು ಬೇಸರದ ಮಾತು: “ಅಲ್ಲಿನ ಮೊರೇನ್ ಸರೋವರಕ್ಕೆ ಈಗ ಕಾರು ಬಿಡುವುದಿಲ್ಲವಂತೆ, ಬಸ್ಸಿನಲ್ಲೇ ಹೋಗಬೇಕಂತೆ.” ಈ ಸಂಚಿಕೆಯಲ್ಲಿ ಆ ಬಸ್ಸಿನ ಪರವಾಗಿ ನಾಲ್ಕು ಮಾತು ಬರೆಯಬೇಕೆನಿಸಿದೆ.

2023ರಿಂದ ಆ ರಸ್ತೆಯಲ್ಲಿ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಅದಕ್ಕೂ ಹಿಂದಿನ ದಿನಗಳು ನನಗೆ ಚೆನ್ನಾಗಿ ನೆನಪಿವೆ. ರಾತ್ರಿ ಎರಡು ಗಂಟೆಗೆ ಎದ್ದು, ನಿದ್ದೆಯಲ್ಲಿದ್ದ ಮಕ್ಕಳನ್ನು ಹೊದಿಕೆಯ ಸಮೇತ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು, ಸುಮಾರು 180 ಕಿಲೋಮೀಟರ್ ದಾಟಿ ಲೇಕ್ ಲೂಯಿಸ್ ಎಂಬ ಊರು ತಲುಪಿದರೆ ಮೊರೇನ್‌ನ ತಿರುವಿನಲ್ಲೇ ತಡೆ: ಪಾರ್ಕಿಂಗ್ ತುಂಬಿದೆ. ಇನ್ನೂ ಬೆಳಕು ಹರಿದಿರಲಿಲ್ಲ. ಎರಡು ಸಲ ಹೀಗೆ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದ್ದೇವೆ.

ಈ ಸಲ ಜೂನ್ ಕೊನೆಯಲ್ಲಿ ಅಮ್ಮನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆವು. ಲೇಕ್ ಲೂಯಿಸ್ ಸ್ಕೀ ರೆಸಾರ್ಟಿನ ಬಯಲಿನಲ್ಲಿ ಕಾರು ನಿಲ್ಲಿಸಿ ಸಾಲಿನಲ್ಲಿ ನಿಂತು ಹತ್ತಿದೆವು. ಹೊರಟು ಐದು ನಿಮಿಷವಾಗಿರಬೇಕು, ಪಕ್ಕಕ್ಕೆ ತಿರುಗಿ ನೋಡಿದೆ. ಹನ್ನೊಂದು ವರ್ಷಗಳಿಂದ ಈ ಬೆಟ್ಟಗಳಲ್ಲಿ ನಮ್ಮನ್ನೆಲ್ಲ ಸುತ್ತಿಸಿದ ನನ್ನ ಪತಿ ಕಿಟಕಿಗೆ ಹಣೆಯಾನಿಸಿ ಕೂತಿದ್ದರು. ಇಷ್ಟು ವರ್ಷ ಅವರ ಕಣ್ಣಿಗೆ ಬಿದ್ದದ್ದು ರಸ್ತೆ, ಮುಂದಿನ ಕಾರಿನ ಹಿಂಬದಿ ದೀಪ. “ಇಲ್ಲೊಂದು ಹಿಮನದಿ ಇದೆಯಲ್ಲ!” ಎಂದರು. ನಾವು ಅದನ್ನು ಅವರಿಗೆ ಎಷ್ಟು ಸಲ ತೋರಿಸಿದ್ದೆವೋ! ಅವರ ಆ ಒಂದು ಮಾತಿಗಾಗಿಯೇ ನಾನು ಬಸ್ಸಿನ ಪಕ್ಷ ಸೇರಿದೆ.

ಸರೋವರದ ನೀರಿನ ನೀಲಿ ನಿಮಗೆಲ್ಲ ಗೊತ್ತು. ಕೆನಡಾದ ಹಳೆಯ 20 ಡಾಲರ್ ನೋಟಿನ ಹಿಂಬದಿಯಲ್ಲಿದ್ದ ಚಿತ್ರ ಇದೇ ಕಣಿವೆಯದು. ಆ ಬಣ್ಣ ಎಲ್ಲಿಂದ ಬಂತೆಂದು ಅಮ್ಮ ಕೇಳಿದರು. ಮೇಲಿನ ಹಿಮನದಿ ಜರುಗುವಾಗ ಅಡಿಯ ಬಂಡೆ ಸವೆದು ನುಣ್ಣನೆಯ ಪುಡಿಯಾಗುತ್ತದೆ, ಅದು ನೀರಿನಲ್ಲಿ ತಳಕ್ಕಿಳಿಯದೆ ತೇಲುತ್ತಾ ಬೆಳಕನ್ನು ಚದುರಿಸುತ್ತದೆ ಎಂದು ವಿವರಿಸಿದೆ. “ಬೀಸುವ ಕಲ್ಲಿನ ಹಾಗೆ” ಎಂದರು ಅಮ್ಮ. ಭೂವಿಜ್ಞಾನಿಗಳೂ ಅದನ್ನು ಕಲ್ಲಿನ ಹಿಟ್ಟು ಎಂದೇ ಕರೆಯುತ್ತಾರೆ.

ಆಮೇಲೆ ಅವರು ಬೆರಳು ಮಡಚುತ್ತಾ ಕಣಿವೆಯ ಶಿಖರಗಳನ್ನು ಎಣಿಸತೊಡಗಿದರು. 1894ರಲ್ಲಿ ಸ್ಯಾಮ್ಯುಯೆಲ್ ಆಲನ್ ಎಂಬ ಪರ್ವತಾರೋಹಿ ಈ ಹತ್ತು ಶಿಖರಗಳಿಗೆ ಇಲ್ಲಿನ ಮೂಲನಿವಾಸಿಗಳಾದ ಸ್ಟೋನಿ ಜನರ ಭಾಷೆಯ ಒಂದರಿಂದ ಹತ್ತರವರೆಗಿನ ಅಂಕೆಗಳನ್ನೇ ಹೆಸರಾಗಿ ಇಟ್ಟಿದ್ದ. ಆ ಎಣಿಕೆಯಲ್ಲಿ ಐದನೆಯದು ‘ಸಪ್ತ’! ನಮ್ಮ ಏಳು ಅವರ ಐದಾಗಿರುವುದು ಅಮ್ಮನಿಗೆ ಬಹಳ ಹಿಡಿಸಿತು. ಮುಂದೆ ಏಳು ಶಿಖರಗಳಿಗೆ ವ್ಯಕ್ತಿಗಳ ಹೆಸರೋ ಬೇರೆ ಹೆಸರೋ ಬಂದವು. ನಾಲ್ಕನೆಯ ಟೋನ್ಸಾ, ಒಂಬತ್ತನೆಯ ನೆಪ್ಟುವಾಕ್, ಹತ್ತನೆಯ ವೆಂಕ್‌ಚೆಮ್ನಾ ಮಾತ್ರ ಹಳೆಯ ಅಂಕೆಗಳನ್ನು ಉಳಿಸಿಕೊಂಡಿವೆ. ಆ ಏಳು ಹೆಸರುಗಳು ಹೋದದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಮಕ್ಕಳಿಗೆ ಕನ್ನಡದ ಅಂಕೆ ಕಲಿಸಲು ಶನಿವಾರಗಳನ್ನು ಮೀಸಲಿಡುವ ನಮಗೆ ಇದು ಬೇರೆಯವರ ಸುದ್ದಿ ಎನಿಸುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಹಿಮಕುಸಿತದ ಅಪಾಯವಿರುವುದರಿಂದ ಆ ರಸ್ತೆ ಚಳಿಗಾಲದುದ್ದಕ್ಕೂ ಮುಚ್ಚಿರುತ್ತದೆ. ಉದ್ಯಾನದ ಬಸ್ಸು ಓಡುವುದು ಜೂನ್‌ನಿಂದ ಅಕ್ಟೋಬರ್ ಮಧ್ಯದವರೆಗೆ. ಸೀಟು ಮೊದಲೇ ಕಾಯ್ದಿರಿಸಬೇಕು. ಒಂದು ಪಾಲು ವಸಂತದಲ್ಲೇ ಖಾಲಿಯಾಗುತ್ತದೆ, ಆದರೆ ನಿರಾಶರಾಗಬೇಡಿ: ದೊಡ್ಡ ಪಾಲನ್ನು ಪ್ರಯಾಣಕ್ಕೆ ಎರಡು ದಿನ ಮೊದಲು ಬೆಳಗ್ಗೆ 8 ಗಂಟೆಗೆ ಬಿಡುತ್ತಾರೆ. ನಮಗೆ ಸಿಕ್ಕಿದ್ದು ಹಾಗೆಯೇ. ಅದೇ ಟಿಕೆಟ್ಟಿನಲ್ಲಿ ಲೇಕ್ ಲೂಯಿಸ್ ಸರೋವರದ ದಂಡೆಗೂ ಹೋಗಿ ಬರಬಹುದು. ಉದ್ಯಾನದ ಪ್ರವೇಶ ಪಾಸು ಬೇರೆ. ಅಂಗವಿಕಲರ ಪಾರ್ಕಿಂಗ್ ಪರವಾನಗಿ ಇರುವವರ ಕಾರಿಗೆ ಈಗಲೂ ಅವಕಾಶವಿದೆ, ನಡೆಯಲಾಗದ ಹಿರಿಯರಿದ್ದರೆ ನೆನಪಿಡಿ. ಮೇಲೆ ಗಾಳಿ ಚುಚ್ಚುವಷ್ಟು ತಣ್ಣಗಿರುತ್ತದೆ. ಜುಲೈ ಆದರೂ ಸ್ವೆಟರ್ ಬೇಕು.

ಅಮ್ಮ ಊರಿಗೆ ಮರಳಿದ್ದಾರೆ. ಸೆಪ್ಟೆಂಬರ್ ಕೊನೆಯಲ್ಲಿ ಆ ಕಣಿವೆಯ ಮೇಲ್ಭಾಗದ ಲಾರ್ಚ್ ಮರಗಳ ಸೂಜಿಯೆಲೆಗಳು ಉದುರುವ ಮುನ್ನ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಅದನ್ನು ನೋಡಲು ಇನ್ನೊಮ್ಮೆ ಹೋಗುವ ಆಸೆಯಿದೆ. ಗ್ರಿಜ್ಲಿ ಕರಡಿಗಳ ಓಡಾಟವಿರುವ ಕಾಲದಲ್ಲಿ ಅಲ್ಲಿಗೆ ಹೋಗುವ ಕಾಲುಹಾದಿಯಲ್ಲಿ ಕನಿಷ್ಠ ನಾಲ್ವರು ಒಟ್ಟಿಗೇ ನಡೆಯಬೇಕೆಂಬ ನಿಯಮವಿರುತ್ತದೆ. ನಾವು ಇಬ್ಬರಿದ್ದೇವೆ. ಜೊತೆಗೆ ಬರುವವರು ಈ ತಿಂಗಳೊಳಗೆ ತಿಳಿಸಿ, ಬೆಳಗ್ಗೆ 8 ಗಂಟೆಗೆ ಸೀಟು ಹಿಡಿಯುವ ಹೊಣೆ ನನ್ನದು.

– ಸಂಪಾದಕಿ