ಆಕ್ಸಿಜನ್ ಜೊತೆಗೆ ಸ್ಟೀರಿಂಗ್ ಹಿಡಿಯುವ ಮೊದಲು

ಪ್ರೀತಿಯ ವೀಣಾ,

ಆಶೀರ್ವಾದಗಳು. ಮೂಗಿಗೆ ಟ್ಯೂಬ್ ಇದ್ದರೂ ಕಾರು ನಾನೇ ಓಡಿಸುತ್ತೇನೆ ಎಂದು ನೀನು ಹಟ ಹಿಡಿದಿದ್ದೀಯಂತೆ. ನಿಮ್ಮಪ್ಪ ಗಾಬರಿಯಾಗಿ ಫೋನ್ ಮಾಡಿದ್ದ. ನಾನಂತೂ ಬೇಡ ಅನ್ನುವುದಿಲ್ಲ. ಡಾಕ್ಟರ್ ಒಪ್ಪಿದರೆ ಧಾರಾಳವಾಗಿ ಓಡಿಸು. ಆದರೆ ಇವತ್ತು ಓಡಿಸಬಹುದೋ ಇಲ್ಲವೋ ಎನ್ನುವುದು ಕೀ ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ಹೊರಟ ಮೇಲೆ ನೋಡೋಣ ಅನ್ನುವ ಮಾತು ಬೇಡ.

ಯಾಕೆ ಗೊತ್ತಾ? ರಕ್ತದಲ್ಲಿ ಆಕ್ಸಿಜನ್ ಇಳಿದಾಗ ಉಸಿರು ಕಟ್ಟಲೇಬೇಕೆಂದಿಲ್ಲ. ಅದಕ್ಕೂ ಮೊದಲೇ ತಲೆ ಮಂದವಾಗಬಹುದು. ಬ್ರೇಕ್ ಒತ್ತುವುದು ಸ್ವಲ್ಪ ತಡವಾಗುತ್ತದೆ. ಎದುರಿನ ಗಾಡಿಯ ವೇಗದ ಅಂದಾಜು ತಪ್ಪುತ್ತದೆ. ಕೆಲವರಿಗೆ ಆ ಹೊತ್ತಿನಲ್ಲಿ ಇಲ್ಲದ ಧೈರ್ಯವೂ ಬಂದುಬಿಡುತ್ತದೆ. ‘ನಾನು ಚೆನ್ನಾಗೇ ಇದ್ದೀನಲ್ಲ’ ಎಂದು ಹೇಳುತ್ತಿರುವ ತಲೆಗೇ ಆಕ್ಸಿಜನ್ ಸಾಲದೆ ಇದ್ದರೆ ಅದರ ಮಾತು ನಂಬುವುದು ಹೇಗೆ?

ಅದಕ್ಕೇ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಎಂದು ತೋರಿಸುವ ಬೆರಳಿನ ಆಕ್ಸಿಮೀಟರ್ ನೋಡಿಕೊಂಡು ಹೊರಡು. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇರುವ ಬಹಳ ಜನರಿಗೆ ಡಾಕ್ಟರು 88ರಿಂದ 92ರ ನಡುವೆ ಇರಲಿ ಎನ್ನುತ್ತಾರೆ. ನಿನ್ನ ಅಂಕಿ ಬೇರೆ ಇರಬಹುದು, ಕೇಳಿ ಬರೆದಿಟ್ಟುಕೋ. ಅದಕ್ಕಿಂತ ಕೆಳಗೆ ತೋರಿಸಿದರೆ ಆ ದಿನ ಕೀ ಬೇರೆಯವರ ಕೈಗೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ಆ ಮೀಟರ್ ತಪ್ಪು ತೋರಿಸುತ್ತದೆ, ಅದೂ ನೆನಪಿರಲಿ.

ದೂರ ಹೋಗಬೇಕು ಎಂದು ಸುಮ್ನೆ ಫ್ಲೋ, ಅಂದರೆ ನಿಮಿಷಕ್ಕೆ ಬರುವ ಆಕ್ಸಿಜನ್ ಪ್ರಮಾಣ, ಜಾಸ್ತಿ ಮಾಡಿಕೊಳ್ಳಬೇಡ. ಕೆಲವು ಶ್ವಾಸಕೋಶದ ಕಾಯಿಲೆಗಳಲ್ಲಿ ಆಕ್ಸಿಜನ್ ಹೆಚ್ಚಾದರೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದುಬಿಡುತ್ತದೆ, ತೂಕಡಿಕೆ ಬರುತ್ತದೆ. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲಲ್ಲಿ ಮಂಪರು ಇದ್ದರೆ ಓಡಿಸದೆ ಮೊದಲು ಡಾಕ್ಟರ್ ಹತ್ತಿರ ಹೋಗು.

ಇನ್ನು ಬೆಂಕಿ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಉರಿಯುವುದನ್ನೆಲ್ಲ ಭುಗಿಲೆಬ್ಬಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಇರುವುದು ನೂರಕ್ಕೆ ಸುಮಾರು 21 ಭಾಗ. ಅದು 23.5 ದಾಟಿದರೆ ಅಪಾಯ ಎಂದು ಸುರಕ್ಷತಾ ನಿಯಮಗಳಲ್ಲಿ ಲೆಕ್ಕ. ಗಾಜು ಪೂರ್ತಿ ಏರಿಸಿದ ಕಾರು ಪುಟ್ಟ ಡಬ್ಬಿ ಇದ್ದ ಹಾಗೆ. ಸಿಲಿಂಡರಿನಿಂದ ಬರುವ ಆಕ್ಸಿಜನ್ ಸೀಟು, ಬಟ್ಟೆ, ಕೂದಲಲ್ಲೆಲ್ಲ ಸೇರಿಕೊಳ್ಳುತ್ತದೆ. ವಾಲ್ವ್ ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಉಳಿಯುತ್ತದೆ. ಒಂದು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ಎಸಿ ಹಾಕಿದರೆ ಹೊರಗಿನ ಗಾಳಿ ಬರುವ ಹಾಗೆ ಇಡು. ಕಾರಿನೊಳಗೆ ಸಿಗರೇಟು ಖಂಡಿತ ಬೇಡ. ಎಷ್ಟೇ ಹತ್ತಿರದವರಾದರೂ ಸಂಕೋಚ ಬಿಟ್ಟು ಹೇಳು. ತುಟಿ, ಮೂಗು ಒಣಗಿತು ಎಂದು ವ್ಯಾಸಲಿನ್‌ನಂಥ ಜಿಡ್ಡಿನದು ಹಚ್ಚಬೇಡ, ನೀರಿನ ಆಧಾರದ ಜೆಲ್ ಸಿಗುತ್ತದೆ. ಎಣ್ಣೆ ಕೈಯಲ್ಲಿ ಸಿಲಿಂಡರಿನ ರೆಗ್ಯುಲೇಟರ್ ಮುಟ್ಟಬೇಡ. ಪೆಟ್ರೋಲನ್ನು ಬೇರೆ ಯಾರಾದರೂ ಮೊದಲೇ ಹಾಕಿಸಿ ತರಲಿ.

ಸಿಲಿಂಡರ್ ಪಕ್ಕದ ಸೀಟಿನ ಮೇಲೆ ಹಾಗೇ ಇಟ್ಟು ಹೊರಟುಬಿಡಬೇಡ. ಜೋರಾಗಿ ಬ್ರೇಕ್ ಹಾಕಿದರೆ ಅದು ಮುಂದಕ್ಕೆ ಹಾರುತ್ತದೆ. ವಾಲ್ವ್ ಮುರಿದರಂತೂ ಇನ್ನೂ ಅಪಾಯ. ಹಿಂದಿನ ಸೀಟಿಗೆ ಪಟ್ಟಿಯಿಂದ ಬಿಗಿದು ಕಟ್ಟು. ಡಿಕ್ಕಿಯಲ್ಲಿ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಟ್ಟು ಹೋಗಬೇಡ. 52 ಡಿಗ್ರಿ ದಾಟಿದ ಜಾಗದಲ್ಲಿ ಸಿಲಿಂಡರ್ ಇರಬಾರದು. ಟ್ಯೂಬ್ ಸೀಟಿನ ಹಿಂದಿನಿಂದ ಭುಜದ ಮೇಲೆ ಬರಲಿ. ಪೆಡಲ್ ಹತ್ತಿರ ಜೋತಾಡಬಾರದು, ಸೀಟ್ ಬೆಲ್ಟಿಗೆ ಸಿಕ್ಕಿಕೊಳ್ಳಬಾರದು.

ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂದು ಲೆಕ್ಕ ಹಾಕುವುದು ಕಷ್ಟವೇನಲ್ಲ. 680 ಲೀಟರ್ ಇರುವ ತುಂಬಿದ ಸಿಲಿಂಡರನ್ನು ನಿಮಿಷಕ್ಕೆ 2 ಲೀಟರಿನಂತೆ ಬಿಟ್ಟರೆ 340 ನಿಮಿಷ ಬರುತ್ತದೆ, ಅಂದರೆ ಐದೂಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಎಂದು ಬೇಕಾದ್ದಕ್ಕಿಂತ ಎರಡು ಪಾಲು ಇಟ್ಟುಕೊಂಡು ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಸಿಲಿಂಡರಿನ ಬದಲು ಕಾನ್ಸಂಟ್ರೇಟರ್, ಅಂದರೆ ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ಇದ್ದರೆ ಇಂಜಿನ್ ಸ್ಟಾರ್ಟ್ ಮಾಡಿದ ಮೇಲೆ ಕಾರಿನ ಪ್ಲಗ್ಗಿಗೆ ಸಿಕ್ಕಿಸು. ಅದು ಗಾಳಿ ಎಳೆಯುವ ಕಿಂಡಿಗೆ ಶಾಲು, ಬ್ಯಾಗು ಅಡ್ಡ ಬರದಿರಲಿ. ಕಾರಿನ ಕರೆಂಟು ಇದೆಯಲ್ಲ ಎಂದು ಅದರ ಬ್ಯಾಟರಿ ಖಾಲಿ ಇಟ್ಟುಕೊಂಡು ಹೊರಡಬೇಡ. ಅಲಾರಂ ಕೂಗಿದರೆ ಓಡಿಸುತ್ತಲೇ ಬಗ್ಗಿ ನೋಡಲು ಹೋಗದೆ ಪಕ್ಕಕ್ಕೆ ಹಾಕಿ ನಿಲ್ಲಿಸು. ಘಟ್ಟ ಹತ್ತುವ ದಾರಿಯಾದರೆ ಎತ್ತರದಲ್ಲಿ ಗಾಳಿ ತೆಳು, ಮನೆಯಲ್ಲಿ ಸಾಕಾಗುವ ಫ್ಲೋ ಅಲ್ಲಿ ಸಾಲದೆ ಹೋಗಬಹುದು. ಅಂಥ ಕಡೆ ನೀನು ಓಡಿಸದೆ ಪಕ್ಕದಲ್ಲಿ ಕೂತು ಹೋಗುವುದೇ ವಾಸಿ.

ಕಾರಿನ ವಿಮೆಯವರಿಗೆ, ಲೈಸೆನ್ಸ್ ಕೊಟ್ಟವರಿಗೆ ಕಾಯಿಲೆ ವಿಷಯ ತಿಳಿಸಬೇಕೇ ಎಂದು ಒಮ್ಮೆ ವಿಚಾರಿಸು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರ್ ಹತ್ತಿರ ಎರಡು ವಿಷಯ ಕೇಳಿಕೊಂಡು ಬಾ: ನಿನ್ನ ಅಂಕಿ ಎಷ್ಟರ ಕೆಳಗೆ ಇಳಿದರೆ ಓಡಿಸಬಾರದು, ಒಂದೇ ಸಮ ಎಷ್ಟು ಹೊತ್ತು ಓಡಿಸಬಹುದು. ಅವರು ಏನು ಹೇಳಿದರು ಎಂದು ನನಗೂ ಬರೆ. ನಿಮ್ಮಪ್ಪನಿಗೆ ನಾನು ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ