ಆ ಒಂದು ಸಹಿ ವಿಚಾರ

ತಮಾ,

ನಿನ್ನ ಪತ್ರದ ಕೊನೇಲಿ ಒಂದು ಸಾಲು ಬರ್ದಿದ್ಯಲ್ಲ, ಹಡಗಿನ ಫೈರ್ ಪಂಪ್ ಟೆಸ್ಟ್ ಆಗಿಲ್ಲ, ಆದ್ರೂ ಆಗಿದೆ ಅಂತ ಸಹಿ ಹಾಕು ಅಂತಾರೆ, ಎಲ್ರೂ ಹಾಕ್ತಾರಂತೆ ಅಂತ, ಅದನ್ನ ಓದಿದ್ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಹಾಕಿಬಿಟ್ಯಾ?

ರಿಫಿಟ್‌ಗೆ, ಅಂದ್ರೆ ದೊಡ್ಡ ರಿಪೇರಿಗೆ, ನಿಂತ ಹಡಗಿಗೆ ಏನೂ ಆಗಲ್ಲ ಅಂತ ಹೊರಗಿನವ್ರು ತಿಳ್ಕೊಂಡಿರ್ತಾರೆ. ಒಂದು ಕಡೆ ವೆಲ್ಡಿಂಗ್ ಕಿಡಿ, ಇನ್ನೊಂದು ಕಡೆ ನೀರಿನ ಲೈನ್ ಬಂದ್, ಬಾಗಿಲು ಮುಚ್ಚೋಣ ಅಂದ್ರೆ ಅದರೊಳಗೇ ಕೇಬಲ್ಲು ಪೈಪು ಹಾಯ್ದಿರ್ತವೆ. 2020ರ ಜುಲೈನಲ್ಲಿ ಸ್ಯಾನ್ ಡಿಯಾಗೋದಲ್ಲಿ ಅಮೆರಿಕದವರ ಯುದ್ಧನೌಕೆ ಬಾನ್‌ಹೋಮ್ ರಿಚರ್ಡ್ ರಿಪೇರಿಗೆ ನಿಂತಲ್ಲೇ ನಾಲ್ಕು ದಿನಕ್ಕೂ ಹೆಚ್ಚು ಉರೀತು, ಬೆಂಕಿ ಆರಿಸೋ ಸ್ಟೇಷನ್‌ಗಳಲ್ಲಿ ನೂರಕ್ಕೆ 87 ಬಂದ್ ಇದ್ವು ಅಂತ ತನಿಖೇಲಿ ಬಂತು. ಅಷ್ಟು ದುಡ್ಡಿರೋ ನೌಕಾಪಡೆ ಅದು. ನಮ್ಮ ಸಿಂಧುರತ್ನ ಸಬ್‌ಮರೀನ್ 2014ರ ಫೆಬ್ರವರಿ 26ಕ್ಕೆ, ರಿಫಿಟ್ ಆಗಿ ಮುಂಬೈ ಹತ್ರ ಟ್ರಯಲ್‌ಗೆ ಹೋದಾಗ ಹೊಗೆ ತುಂಬಿ ಇಬ್ರು ಆಫೀಸರ್‌ಗಳು ಹೋದ್ರು. ಅವತ್ತೇ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಜೋಶಿ ಹೊಣೆ ಹೊತ್ತು ರಾಜೀನಾಮೆ ಕೊಟ್ರು. ಟಿವಿ ಮುಂದೆ ಕೂತು ಅದನ್ನ ನೋಡ್ತಾ ನನ್ನ ಕೈ ನಡುಗ್ತಿತ್ತು, ನಿನ್ನ ದೊಡ್ಡಮ್ಮ ಶುಗರ್ ಇಳೀತೇನೋ ಅಂದ್ಕೊಂಡ್ಳು.

ನಾನೂ ಅಂಥ ಸಹಿ ಹಾಕಿದೀನಿ ತಮಾ. ನಿನ್ನಪ್ಪನಿಗೂ ಹೇಳಿಲ್ಲ. ಫೈರ್ ಮೇನ್‌ದು, ಅಂದ್ರೆ ಬೆಂಕಿ ಆರಿಸೋ ನೀರಿನ ಮುಖ್ಯ ಪೈಪಿಂದು, ಒಂದು ವಾಲ್ವು, ವೀಲ್ ಒಂದೂವರೆ ಸುತ್ತು ತಿರುಗಿ ಕಚ್ಕೊಂಡ್ಬಿಡೋದು, ಸ್ಪಿಂಡಲ್ ಮೇಲೆ ಹಸಿರು ಕಿಲುಬು. ಬಿಚ್ಚಿದ್ರೆ ಎರಡು ದಿನ, ಸ್ಪೇರ್ ಯಾವಾಗ ಬರತ್ತೋ ಗೊತ್ತಿಲ್ಲ, ಹಡಗು ನಾಡಿದ್ದು ಹೊರಡ್ಬೇಕು. ಗ್ರೀಸ್ ಹಚ್ಚಿ ಸಹಿ ಹಾಕ್ದೆ. ತಿಂಗಳೊಳಗೆ ಸ್ಟೋರ್ ರೂಮಲ್ಲಿ ಬೆಂಕಿ, ಹೋಸ್ ಪೈಪು ಚಪ್ಪಟೆ ಬಿದ್ಕೊಂಡೇ ಇತ್ತಂತೆ, ಉಬ್ಬಲೇ ಇಲ್ಲ. ಬೇರೆ ಲೈನ್ ಎಳ್ಕೊಂಡು ಬರೋದ್ರೊಳಗೆ ಒಬ್ಬ ಹುಡುಗನ ಎಡಗೈ ಸುಟ್ಟೋಯ್ತು, ನಿನ್ನಷ್ಟೇ ವಯಸ್ಸು. ಯಾರೂ ನನ್ನ ಕೇಳ್ಲಿಲ್ಲ. ಕೇಳಿದ್ರೆ ಎಷ್ಟೋ ಹಗುರಾಗ್ತಿತ್ತು.

ಹಿಂಗಿರೋ ನಾನು ನಿನಗೆ ಏನಂತ ಹೇಳ್ಲಿ. ಆದ್ರೂ, ಆಗಿಲ್ಲ ಅಂದ್ರೆ "ಆಗಿಲ್ಲ, ಸ್ಪೇರ್ ಬಾಕಿ" ಅಂತ ನಿನ್ನ ಕೈಯಲ್ಲೇ ಬರೆದು ತಾರೀಕು ಹಾಕು. ಜಗಳ ಮಾಡ್ಬೇಡ, ಬೈದ್ರೆ ಬೈಸ್ಕೋ, ಅವ್ರಿಗೂ ಮೇಲಿಂದ ಒತ್ತಡ ಇರತ್ತೆ. ಪಕ್ಕದ ಹಡಗಿಂದ ಬಿಚ್ಚಿ ತಂದು ಹಾಕಿದ್ರೆ ಅದನ್ನೂ ಬರಿ, ಆ ಹಡಗು ಹೊರಡೋ ಹೊತ್ತಿಗೆ ಯಾರಿಗೂ ನೆನಪಿರಲ್ಲ. ಈಗಿನ ಪದ್ಧತಿ ಬೇರೆ ಇರಬಹುದು, ನನಗಿಂತ ನಿನಗೇ ಚೆನ್ನಾಗಿ ಗೊತ್ತಿರತ್ತೆ.

ಸಹಿ ಹಾಕಿಬಿಟ್ಟಿದ್ರೂ ಪರವಾಗಿಲ್ಲ, ಹಡಗು ಇನ್ನೂ ಕಟ್ಟಿದಲ್ಲೇ ಇದೆಯಲ್ಲ, ನಾಳೆ ಹೋಗಿ ಹೇಳು. ಪತ್ರ ಸಿಕ್ಕ ಕೂಡ್ಲೆ ಫೋನ್ ಮಾಡು. ಹೋಸ್ ತುದೀಲಿ ನೀರು ಬಂದದ್ದನ್ನ ನೀನೇ ಕಣ್ಣಾರೆ ನೋಡಿದ್ಯಾ, ಅಷ್ಟೇ ಹೇಳು.

ನಿನ್ನ ದೊಡ್ಡಪ್ಪ